ಖಾಲಿ ಮಂಚ ಎಲ್ಲಿದೆ ಅಂತ ಗೊತ್ತಾದರೆ ಸಾಕೇ?

ಓದುಗರ ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಈ ಸಲದ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ) ಹಣದಲ್ಲಿ, ಪಾಲಿಕೆಯ ಜೊತೆ ಸೇರಿ, ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಏನಾದರೂ ಮಾಡಿಕೊಡೋಣ ಅಂತ ನಮ್ಮ ತಂಡ ಹೊರಟಿದೆ. ಮೂರು ಯೋಚನೆ ಇವೆ. ಯಾವ ಕೇಂದ್ರದಲ್ಲಿ ಎಷ್ಟು ಮಂಚ ಖಾಲಿ ಇದೆ ಅಂತ ತೋರಿಸುವ ವ್ಯವಸ್ಥೆ. ಬೀದಿಯಲ್ಲಿ ಮಲಗಿದವರ ಫೋಟೊ ತೆಗೆದು ಜನ ಕಳಿಸಬಹುದಾದ ಆ್ಯಪ್. ಕೇಂದ್ರಕ್ಕೆ ಬಂದವರ ಮುಖ ಗುರುತಿಸಿ ಹಾಜರಿ ಹಾಕುವ ಕ್ಯಾಮೆರಾ. ಇದರಿಂದ ನಿಜಕ್ಕೂ ಉಪಯೋಗ ಆಗುತ್ತಾ? ಬೇರೆ ಕಡೆ ಏನಾಗಿದೆ? ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಉಪಯೋಗ ಖಂಡಿತ ಆಗುತ್ತದೆ. ಖಾಲಿ ಮಂಚದ ಲೆಕ್ಕ ಮಾಡಿ. ಫೋಟೊ ಆ್ಯಪ್ ಮಾಡುವ ಮೊದಲು ಇನ್ನೊಮ್ಮೆ ಯೋಚಿಸಿ. ಮುಖ ಗುರುತಿಸುವ ಕ್ಯಾಮೆರಾ ಮಾತ್ರ ದಯವಿಟ್ಟು ಬೇಡ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಂಥ ಕೇಂದ್ರಗಳಿಗೆ ಓಡಾಡಿದ್ದೇನೆ. ಒಂದು ರಾತ್ರಿ ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಮಾರುಕಟ್ಟೆಯೊಂದರ ಪಕ್ಕದ ಕೇಂದ್ರ ಅದು. ರಾತ್ರಿ ಒಂಬತ್ತೂವರೆ. ಬಾಗಿಲ ಹತ್ತಿರ ಒಂದು ಮೇಜು, ಮೇಲೆ ಉದ್ದನೆಯ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಕೇರ್‌ಟೇಕರ್ ಒಬ್ಬರೇ. ಹೆಸರು ಬರೆಯುವುದು, ಚಾದರ ಕೊಡುವುದು, ನೀರಿನ ಮೋಟರ್ ಹಾಕುವುದು, ಜಗಳ ಬಿಡಿಸುವುದು ಎಲ್ಲ ಅವರದೇ. ಗೋಡೆಯಲ್ಲಿ ಒಂದೇ ಒಂದು ಸ್ವಿಚ್ ಬೋರ್ಡ್. ಅದಕ್ಕೊಂದು ಎಕ್ಸ್‌ಟೆನ್ಶನ್ ಬಾಕ್ಸ್, ಆ ಬಾಕ್ಸಿಗೆ ಇನ್ನೊಂದು. ಕೆಳಗೆ ನೆಲದ ಮೇಲೆ ಸಾಲಾಗಿ ಹನ್ನೊಂದು ಫೋನ್. ಪ್ರತಿ ಫೋನಿನ ಬೆನ್ನಿಗೆ ಗಾಯಕ್ಕೆ ಹಚ್ಚುವ ಬಿಳಿ ಟೇಪಿನ ತುಂಡು, ಅದರ ಮೇಲೆ ಬಾಲ್ ಪೆನ್ನಿನಲ್ಲಿ ಹೆಸರು. ಫೋನುಗಳ ಪಕ್ಕದಲ್ಲೇ ಒಬ್ಬ ಹುಡುಗ ಚಾಪೆ ಹಾಸಿಕೊಂಡಿದ್ದ. ಆವತ್ತಿನ ಕಾವಲು ಅವನದು. ದಿನಕ್ಕೊಬ್ಬರಂತೆ ಪಾಳಿ ಮಾಡಿಕೊಂಡಿದ್ದರು.

ಅದೇ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಒಂದು ಟ್ಯಾಬ್ಲೆಟ್ ಇತ್ತು. ಹಾಜರಿಗೆ ಅಂತ ಯಾರೋ ದಾನಿಗಳು ಕೊಟ್ಟದ್ದು. ಪರದೆ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಯಾಕೆ ಅಂತ ಕೇಳಿದೆ. "ಕಳೆದುಹೋದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ ಮೇಡಂ" ಅಂದರು ಕೇರ್‌ಟೇಕರ್. ಅವರಿಗೆ ಎರಡು ತಿಂಗಳ ಸಂಬಳವೇ ಬಂದಿರಲಿಲ್ಲ.

ಆ ಕೋಣೆಗೆ ಏನು ಬೇಕಿತ್ತು? ಹತ್ತಿಪ್ಪತ್ತು ಪ್ಲಗ್ ಪಾಯಿಂಟ್, ಬೀಗ ಹಾಕಬಹುದಾದ ಪೆಟ್ಟಿಗೆಗಳು, ರಾತ್ರಿಗೆ ಇನ್ನೊಬ್ಬರು ಸಿಬ್ಬಂದಿ. ನಿಮ್ಮ ಕಂಪನಿ ಇವಿಷ್ಟನ್ನು ಕೊಟ್ಟು, ಆಮೇಲೆ ಕಂಪ್ಯೂಟರ್ ವಿಷಯ ಎತ್ತಿದರೆ, ಒಳಗಿನವರೂ ಕೇಳಿಸಿಕೊಳ್ಳುತ್ತಾರೆ. ಪ್ರತಿಯೊಬ್ಬರಿಗೂ ಲಾಕರ್ ಇರಬೇಕು ಅನ್ನುವುದು ಆಶ್ರಯ ಕೇಂದ್ರಗಳ ಮಾರ್ಗಸೂಚಿಯಲ್ಲೇ ಇರುವ ಮಾತು. ನಾನು ನೋಡಿದ ಬಹಳಷ್ಟು ಕಡೆ ಇರಲಿಲ್ಲ.

ಮಾರ್ಗಸೂಚಿ ಅಂದೆನಲ್ಲ, ಅದರ ಹಿನ್ನೆಲೆ ನಿಮಗೆ ಗೊತ್ತಿರಬೇಕು. ಪಾಲಿಕೆ ಜೊತೆ ಮಾತಿಗೆ ಕೂತಾಗ ಇದೇ ನಿಮ್ಮ ಆಧಾರ. 2009ರ ಡಿಸೆಂಬರ್ ಚಳಿಯಲ್ಲಿ ದೆಹಲಿಯ ಪೂಸಾ ರಸ್ತೆಯ ವೃತ್ತದಲ್ಲಿದ್ದ ಒಂದು ತಾತ್ಕಾಲಿಕ ಆಶ್ರಯವನ್ನು ಕೆಡವಿದರು. ವಿಷಯ ಕೋರ್ಟ್ ಮೆಟ್ಟಿಲೇರಿತು. 2010ರಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬಂತು. ದೊಡ್ಡ ನಗರಗಳಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ, ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಬೇಕು ಅನ್ನುವ ಅಳತೆ ಹುಟ್ಟಿದ್ದು ಅಲ್ಲಿಂದ. 2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಲ್ಲಿ ಅದು ಯೋಜನೆಯ ರೂಪ ಪಡೆಯಿತು. ಲಕ್ಷಕ್ಕೆ ನೂರು ಜನರ ಜಾಗ, ಒಬ್ಬರಿಗೆ ಕನಿಷ್ಠ 50 ಚದರ ಅಡಿ. ಕಟ್ಟಡ ಸರ್ಕಾರದ್ದು, ನಡೆಸುವುದು ಸಾಮಾನ್ಯವಾಗಿ ಒಂದು ಸ್ವಯಂಸೇವಾ ಸಂಸ್ಥೆ. ಅಂದರೆ ಸರ್ಕಾರ ಮತ್ತು ಖಾಸಗಿ ಜನ ಇಲ್ಲಿ ಮೊದಲಿನಿಂದಲೂ ಜೊತೆಗಾರರು. ನೀವು ಹೊಸದಾಗಿ ಬರುತ್ತಿರುವ ಮೂರನೆಯವರು. ಇದನ್ನು ಮರೆತು ಕಂಪನಿ ಮತ್ತು ಪಾಲಿಕೆ ಎರಡೇ ಸೇರಿ ಸಹಿ ಹಾಕಿದ ಯೋಜನೆಗಳು ಕೇಂದ್ರದ ಬಾಗಿಲಲ್ಲೇ ನಿಂತುಬಿಡುತ್ತವೆ.

2011ರ ಜನಗಣತಿಯಲ್ಲಿ ದೇಶದಲ್ಲಿ ವಸತಿರಹಿತರು ಸುಮಾರು 17.7 ಲಕ್ಷ, ಅದರಲ್ಲಿ ನಗರಗಳಲ್ಲೇ 9.38 ಲಕ್ಷ. ಫೆಬ್ರವರಿ 28ರ ಒಂದೇ ರಾತ್ರಿಯ ಎಣಿಕೆ ಅದು. ಒಂದು ರಾತ್ರಿಯಲ್ಲಿ ಅಂಗಡಿ ಜಗಲಿ, ಮೇಲ್ಸೇತುವೆ ಕೆಳಗೆ, ಬಸ್ ನಿಲ್ದಾಣ, ದರ್ಗಾ ಅಂಗಳ, ಆಸ್ಪತ್ರೆ ಕಾರಿಡಾರ್ ಎಲ್ಲ ಸುತ್ತಿ ಎಣಿಸುವುದು ಎಷ್ಟು ಕಷ್ಟ ಅಂತ ನೀವೇ ಊಹಿಸಿ.

ಈಗ ಖಾಲಿ ಮಂಚದ ವಿಷಯ. ದೆಹಲಿಯಲ್ಲಿ ಆಶ್ರಯ ಕೇಂದ್ರಗಳನ್ನು ನೋಡಿಕೊಳ್ಳುವುದು ದೆಹಲಿ ನಗರ ಆಶ್ರಯ ಸುಧಾರಣಾ ಮಂಡಳಿ. ಯಾವ ಕೇಂದ್ರದಲ್ಲಿ ರಾತ್ರಿ ಎಷ್ಟು ಜನ ಮಲಗಿದ್ದರು ಅನ್ನುವ ಲೆಕ್ಕವನ್ನು ಈ ಮಂಡಳಿ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಸಣ್ಣ ಕೆಲಸ ಅನ್ನಿಸಬಹುದು. ಆದರೆ ಈ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ಚಳಿಗಾಲದಲ್ಲಿ ಪತ್ರಕರ್ತರು, ವಕೀಲರು ಅದನ್ನು ತೆರೆದು ಪ್ರಶ್ನೆ ಕೇಳುತ್ತಾರೆ. ನಿಮ್ಮ ವ್ಯವಸ್ಥೆಯೂ ಹಾಗೆ ಎಲ್ಲರಿಗೂ ಕಾಣುವಂತಿರಲಿ. ಅಧಿಕಾರಿಯ ಕೋಣೆಯ ಗೋಡೆಗೆ ಮಾತ್ರ ಮೀಸಲಾದ ಡ್ಯಾಶ್‌ಬೋರ್ಡ್ ಆಗುವುದು ಬೇಡ.

ಇದಕ್ಕೆ ಟ್ಯಾಬ್ಲೆಟ್ ಬೇಕಿಲ್ಲ. ಕೇರ್‌ಟೇಕರ್ ಹತ್ತಿರ ಇರುವ ಫೋನಿಗೆ ರಾತ್ರಿ ಎಂಟಕ್ಕೆ, ಹತ್ತಕ್ಕೆ ಒಂದು ಕರೆ ಹೋಗಲಿ. "ಈಗ ಎಷ್ಟು ಮಂಚ ಖಾಲಿ ಇವೆ? ಸಂಖ್ಯೆ ಒತ್ತಿ" ಅಂತ ಕನ್ನಡದಲ್ಲಿ ಕೇಳಲಿ. ಅವರು ಏಳು ಒತ್ತಿದರೆ ಮುಗಿಯಿತು. ಹತ್ತು ಸೆಕೆಂಡಿನ ಕೆಲಸ. ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುವ ಯಾವುದನ್ನೂ ಒಬ್ಬರೇ ಇರುವ ಕೇರ್‌ಟೇಕರ್ ಮಾಡುವುದಿಲ್ಲ, ಮಾಡಬೇಕು ಅಂತ ಕೇಳುವುದೂ ತಪ್ಪು. ನಲವತ್ತು ಕಾಲಂ ಇರುವ ಫಾರಂ ಕೊಟ್ಟರೆ ಮೂಗಿಗಿಂತ ಮೂಗುತಿ ಭಾರ. ಅಂಥ ಫಾರಮ್ಮುಗಳನ್ನು ತಿಂಗಳ ಕೊನೆಯಲ್ಲಿ ಒಂದೇ ಕೂತಲ್ಲಿ ಅಂದಾಜಿನಲ್ಲಿ ತುಂಬಿದ್ದನ್ನು ನಾನು ಕಂಡಿದ್ದೇನೆ.

ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಮಂಚ ಖಾಲಿ ಇದೆ ಅಂದರೆ ಜನರಿಗೆ ಅದು ಬೇಡ ಅಂತ ಅರ್ಥ ಅಲ್ಲ. ಆವತ್ತು ಅದೇ ಕೇಂದ್ರದಲ್ಲಿ ಆರೇಳು ಮಂಚ ಖಾಲಿ ಇದ್ದವು. ಅಲ್ಲಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಮುಚ್ಚಿದ ಅಂಗಡಿ ಮುಂದೆ, ತಳ್ಳುಗಾಡಿಯ ಮೇಲೆ ಒಬ್ಬರು ಮಲಗಿದ್ದರು. ಒಳಗೆ ಬನ್ನಿ ಅಂತ ಕರೆದೆವು. "ಗಾಡಿ ಎಲ್ಲಿ ಬಿಡಲಿ?" ಅಂದರು. ಬಾಡಿಗೆ ಗಾಡಿ ಅದು. ಕಳುವಾದರೆ ಹೊಟ್ಟೆಪಾಡೇ ಹೋಯಿತು. ಸ್ವಲ್ಪ ಮುಂದೆ ಗಂಡ, ಹೆಂಡತಿ, ಒಂದು ಮಗು. ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಇನ್ನೊಂದು ಕಡೆ ಅಂದರೆ ಅವರು ಬರುವುದಾದರೂ ಹೇಗೆ? ಇನ್ನು ಹಮಾಲಿಗಳು. ಲಾರಿ ಬರುವುದೇ ನಸುಕಿನ ಮೂರಕ್ಕೆ. ಆ ಹೊತ್ತಿಗೆ ಗೇಟ್ ಬೀಗ ತೆಗೆಯುವವರು ಯಾರೂ ಇಲ್ಲದಿದ್ದರೆ ಅವರು ಹೊರಗೇ ಮಲಗುತ್ತಾರೆ. ಹೀಗಾಗಿ ಖಾಲಿ ಮಂಚದ ಸಂಖ್ಯೆಯ ಜೊತೆ ಇನ್ನೊಂದು ಲೆಕ್ಕವನ್ನೂ ನಿಮ್ಮ ವ್ಯವಸ್ಥೆ ಇಟ್ಟುಕೊಳ್ಳಲಿ. ಕರೆದಾಗ ಬರಲ್ಲ ಅಂದವರು ಯಾಕೆ ಬರಲ್ಲ ಅಂದರು? ಗಾಡಿ, ಕುಟುಂಬ, ಕೆಲಸದ ಹೊತ್ತು, ಸಾಮಾನು, ಭಯ. ಹೆಸರು ಬೇಡ, ಕಾರಣ ಸಾಕು. ಆರು ತಿಂಗಳು ಈ ಕಾರಣಗಳನ್ನು ಬರೆದಿಟ್ಟು ಪಾಲಿಕೆ ಮುಂದೆ ಇಟ್ಟರೆ, ಮುಂದಿನ ಕೇಂದ್ರಕ್ಕೆ ಗಾಡಿ ನಿಲ್ಲಿಸುವ ಅಂಗಳ ಬೇಕು, ಕುಟುಂಬಕ್ಕೆ ಬೇರೆ ಕೋಣೆ ಬೇಕು ಅಂತ ಕಾಗದದ ಮೇಲೆ ತೋರಿಸಬಹುದು. ನನ್ನ ಮಟ್ಟಿಗೆ, ಸಾಫ್ಟ್‌ವೇರ್ ಬಲ್ಲವರು ಈ ಕ್ಷೇತ್ರಕ್ಕೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು.

ಇನ್ನು ಫೋಟೊ ಆ್ಯಪ್. ದೆಹಲಿಯ ಅದೇ ಮಂಡಳಿ 'ರೈನ್ ಬಸೇರಾ' ಅನ್ನುವ ಆ್ಯಪ್ ತಂದಿತ್ತು. ಚಳಿಯಲ್ಲಿ ಬೀದಿಯಲ್ಲಿ ಮಲಗಿದವರನ್ನು ಕಂಡರೆ ಫೋಟೊ ಮತ್ತು ಜಾಗ ಕಳಿಸಬಹುದು, ರಕ್ಷಣಾ ತಂಡ ಅಲ್ಲಿಗೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ 2012ರ ಡಿಸೆಂಬರಿನಲ್ಲಿ 'ಸ್ಟ್ರೀಟ್‌ಲಿಂಕ್' ಅಂತ ಶುರುವಾಯಿತು. ಸರ್ಕಾರದ ಹಣ, ನಡೆಸುವವರು ಸೇವಾ ಸಂಸ್ಥೆಗಳು. ಅಲ್ಲೂ ದಾರಿಹೋಕರು ಕೊಟ್ಟ ಮಾಹಿತಿ ಆ ಊರಿನ ತಂಡಕ್ಕೆ ಹೋಗುತ್ತದೆ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆ ತಂಡ. ಮಾಹಿತಿ ಬಂದ ಮೇಲೆ ರಾತ್ರಿ ಹನ್ನೊಂದಕ್ಕೆ ಗಾಡಿ ಹತ್ತಿ ಹೊರಡುವ ಇಬ್ಬರು ಇದ್ದರೆ ಆ್ಯಪ್‌ಗೆ ಜೀವ. ಇಲ್ಲದಿದ್ದರೆ, ಫೋಟೊ ಕಳಿಸಿದವರಿಗೆ ತಾನೊಂದು ಒಳ್ಳೆ ಕೆಲಸ ಮಾಡಿದೆ ಅನ್ನುವ ಸಮಾಧಾನ ಸಿಗುತ್ತದೆ, ಮಲಗಿದವರಿಗೆ ಏನೂ ಸಿಗುವುದಿಲ್ಲ. ಎರಡು ಸಲ ಕಳಿಸಿ ಯಾರೂ ಬರಲಿಲ್ಲ ಅಂದರೆ ಮೂರನೇ ಸಲ ಯಾರೂ ಕಳಿಸುವುದೂ ಇಲ್ಲ.

ಇನ್ನೊಂದು ಮಾತು. ನಿದ್ದೆಯಲ್ಲಿರುವ ಒಬ್ಬ ಹೆಂಗಸಿನ ಫೋಟೊ ತೆಗೆದು ಅಪರಿಚಿತರು ಎಲ್ಲಿಗೋ ಕಳಿಸುತ್ತಾರೆ ಅಂದರೆ, ನಮ್ಮ ಮನೆಯವರಾಗಿದ್ದರೆ ನಾವು ಒಪ್ಪುತ್ತಿದ್ದೆವಾ? ಜಾಗ ಸಾಕು, ಫೋಟೊ ಬೇಡ. ಅದೂ ಆ್ಯಪ್ ಯಾಕೆ, ಒಂದು ಫೋನ್ ನಂಬರ್ ಸಾಕು.

ಫೋನ್ ನಂಬರ್ ಅಂದಾಗ ನೆನಪಾಗುವುದು ಹಿರಿಯ ನಾಗರಿಕರ ಎಲ್ಡರ್‌ಲೈನ್, 14567. ನಿಮ್ಮ ಕಂಪನಿಯವರು ನೋಡಬೇಕಾದ ಮಾದರಿ ಇದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಯೋಜನೆ. ಟಾಟಾ ಟ್ರಸ್ಟ್ಸ್ ಮತ್ತು ಎನ್‌ಎಸ್‌ಇ ಫೌಂಡೇಶನ್ ತಾಂತ್ರಿಕ ಜೊತೆಗಾರರಾಗಿ ಅದನ್ನು ಕಟ್ಟಿಕೊಟ್ಟರು. ಮೊದಲು ಹೈದರಾಬಾದಿನಲ್ಲಿ ಸಣ್ಣದಾಗಿ ನಡೆಸಿ ನೋಡಿದರು. ಅಲ್ಲಿ ಕಲಿತ ಮೇಲೆ, 2021ರ ಅಕ್ಟೋಬರ್ 1ಕ್ಕೆ ದೇಶಕ್ಕೆಲ್ಲ ಸಮರ್ಪಿಸಿದರು. ಕರೆ ಉಚಿತ. ಆಯಾ ರಾಜ್ಯದ ಭಾಷೆಯಲ್ಲೇ ಮಾತು. ಬರೀ ಮಾಹಿತಿ ಹೇಳಿ ಫೋನ್ ಇಡುವುದಿಲ್ಲ. ಬೀದಿಪಾಲಾದ ವೃದ್ಧರ ಬಗ್ಗೆ ಕರೆ ಬಂದರೆ ಜಿಲ್ಲೆಯ ಕ್ಷೇತ್ರ ಸಿಬ್ಬಂದಿ ಅಲ್ಲಿಗೆ ಹೋಗಿ ವೃದ್ಧಾಶ್ರಮಕ್ಕೋ ಆಸ್ಪತ್ರೆಗೋ ಸೇರಿಸುವ ಕೆಲಸವೂ ಅದರಲ್ಲೇ ಇದೆ. ಕಾಲ್ ಸೆಂಟರ್ ಮತ್ತು ಕಾಲಿನ ಮೇಲೆ ಓಡಾಡುವ ಜನ, ಎರಡಕ್ಕೂ ಒಟ್ಟಿಗೆ ಹಣ ಇಟ್ಟರು. ಸಣ್ಣದಾಗಿ ಶುರು ಮಾಡಿ, ಕಲಿತು, ಆಮೇಲೆ ಸರ್ಕಾರದ ಕೈಗೆ ದಾಟಿಸಿದರು. ನಾನು ನೋಡಿದಂತೆ ಬಾಳಿದ ಜೊತೆಗಾರಿಕೆಗಳೆಲ್ಲ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬಂದವು.

ಈಗ ಕ್ಯಾಮೆರಾ ವಿಷಯ. ಲಂಡನ್ನಿನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅಲ್ಲಿ 'ಚೈನ್' ಅನ್ನುವ ಒಂದು ಡೇಟಾಬೇಸ್ ಇದೆ. ಬೀದಿಯಲ್ಲಿ ಮಲಗುವವರನ್ನು ಭೇಟಿಯಾಗುವ ಕಾರ್ಯಕರ್ತರು, ಆಶ್ರಯ ಕೇಂದ್ರದವರು, ಎಲ್ಲ ಸಂಸ್ಥೆಯವರೂ ಅದರಲ್ಲೇ ಬರೆಯುತ್ತಾರೆ. ಹಣ ಕೊಡುವುದು ನಗರ ಸರ್ಕಾರ, ಆಗ ನಡೆಸುತ್ತಿದ್ದದ್ದು ಸೇಂಟ್ ಮಂಗೋಸ್ ಅನ್ನುವ ಸೇವಾ ಸಂಸ್ಥೆ. ಬಹಳ ಒಳ್ಳೆಯ ವ್ಯವಸ್ಥೆ. ಯಾರು ಹೊಸದಾಗಿ ಬೀದಿಗೆ ಬಿದ್ದರು, ಯಾರು ವರ್ಷಗಳಿಂದ ಅಲ್ಲೇ ಇದ್ದಾರೆ ಅಂತ ಗೊತ್ತಾಗುವುದರಿಂದ ಒಬ್ಬರನ್ನೇ ಹತ್ತು ಜನ ಹತ್ತು ಸಲ ಅದೇ ಪ್ರಶ್ನೆ ಕೇಳುವ ಕಾಟ ತಪ್ಪುತ್ತದೆ. ಆದರೆ 2017ರಲ್ಲಿ ಒಂದು ವಿಷಯ ಹೊರಬಂತು. ಅದೇ ಮಾಹಿತಿಯಿಂದ ನಗರ ಸರ್ಕಾರ ಮಾಡಿದ ಒಂದು ನಕ್ಷೆ ಇತ್ತು. ಯಾವ ಪ್ರದೇಶದಲ್ಲಿ ಯಾವ ದೇಶದ ಜನ ಬೀದಿಯಲ್ಲಿ ಮಲಗುತ್ತಾರೆ ಅಂತ ಅದು ತೋರಿಸುತ್ತಿತ್ತು. ವಲಸೆ ಅಧಿಕಾರಿಗಳ ಕೈಗೆ ಅದು ಸಿಕ್ಕಿತ್ತು. ಆಗ ಬ್ರಿಟನ್ ಸರ್ಕಾರ ಬೀದಿಯಲ್ಲಿ ಮಲಗುವ ಯುರೋಪಿನ ಬೇರೆ ದೇಶಗಳ ಜನರನ್ನು ಹಿಡಿದು ವಾಪಸ್ ಕಳಿಸುತ್ತಿತ್ತು. ಆ ನೀತಿಯೇ ಕಾನೂನಿಗೆ ವಿರುದ್ಧ ಅಂತ ಹೈಕೋರ್ಟ್ ಅದೇ ವರ್ಷ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಆದರೆ ಅಷ್ಟರಲ್ಲಿ ಹೋದ ನಂಬಿಕೆ? ಚಳಿಯ ರಾತ್ರಿ ಬಿಸಿ ಚಹಾ ಹಿಡಿದು ಬಂದು "ನಿಮ್ಮೂರು ಯಾವುದು?" ಅಂತ ಪ್ರೀತಿಯಿಂದ ಕೇಳಿದವರಿಗೆ ಹೇಳಿದ ಮಾತು ಅದು. ಆ ನಕ್ಷೆಯಲ್ಲಿ ಯಾರ ಹೆಸರೂ ಇರಲಿಲ್ಲ. ಹೆಸರಿಲ್ಲದೆಯೂ ಅಷ್ಟು ಭಯ ಹುಟ್ಟಿತು.

ಇದು ಲಂಡನ್ ಕಥೆ, ನಮಗ್ಯಾಕೆ ಅನ್ನಬೇಡಿ. ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 3ರಷ್ಟು ಭಿಕ್ಷುಕರ ಕರ ಇರುವುದೂ ಅದರ ಕೆಳಗೇ. ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುವ ಅಧಿಕಾರ ಆ ಕಾಯ್ದೆಯಲ್ಲಿದೆ. ಬೆಂಗಳೂರಿನ ಅಂಥ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತಿದ್ದು ಬೀದಿಯಲ್ಲಿರುವವರಿಗೆ ಇನ್ನೂ ನೆನಪಿದೆ. ಹಮಾಲಿ ಮಾಡುವವರು, ಚಿಂದಿ ಆಯುವವರು, ಮದುವೆ ಮನೆಯಲ್ಲಿ ಪಾತ್ರೆ ತೊಳೆಯುವವರು, ಯಾರಾದರೂ ಸರಿ, "ನಮ್ಮನ್ನೂ ಹಿಡ್ಕೊಂಡು ಹೋಗ್ತಾರಾ?" ಅಂತ ಕೇಳುತ್ತಾರೆ. ಬಾಗಿಲಲ್ಲಿ ಮುಖ ಹಿಡಿಯುವ ಕ್ಯಾಮೆರಾ ಇಟ್ಟರೆ ಅವರಿಗೆ ಅದು ಹಾಜರಿ ಯಂತ್ರವಾಗಿ ಕಾಣುವುದಿಲ್ಲ. ಬಂದವರು ತಿರುಗಿ ಹೋಗುತ್ತಾರೆ. ಬೆರಳಚ್ಚಿಗೂ ಇದೇ ಮಾತು. ಸಿಮೆಂಟು, ಸುಣ್ಣ, ಹಗ್ಗ ಹಿಡಿದು ಸವೆದ ಬೆರಳುಗಳು ಯಂತ್ರಕ್ಕೆ ಓದಲಿಕ್ಕೇ ಆಗುವುದಿಲ್ಲ, ಅದು ಬೇರೆ.

ಮನೆಯ ಹಿಂಸೆ ತಾಳಲಾರದೆ ಓಡಿಬಂದ ಹೆಂಗಸರ ವಿಷಯವಂತೂ ಇನ್ನೂ ನಾಜೂಕು. ಅಮೆರಿಕದಲ್ಲಿ ವಸತಿರಹಿತರ ಸೇವೆಗೆ ಕೇಂದ್ರ ಸರ್ಕಾರದ ಹಣ ಬೇಕಾದರೆ 'ಎಚ್‌ಎಂಐಎಸ್' ಅನ್ನುವ ಮಾಹಿತಿ ವ್ಯವಸ್ಥೆಯಲ್ಲಿ ಲೆಕ್ಕ ಬರೆಯಲೇಬೇಕು. 2004ರಲ್ಲಿ ಸರ್ಕಾರ ಅದಕ್ಕೆ ಮಾನದಂಡ ಪ್ರಕಟಿಸಿತು. ಸಾಫ್ಟ್‌ವೇರ್ ಮಾಡಿ ಮಾರುವವರು ಖಾಸಗಿ ಕಂಪನಿಗಳು. ಅಷ್ಟು ಬಿಗಿಯಾದ ನಿಯಮ ಇದ್ದರೂ, ಕೌಟುಂಬಿಕ ಹಿಂಸೆಗೆ ಸಿಕ್ಕವರ ಆಶ್ರಯ ಕೇಂದ್ರಗಳು ಅವರ ಗುರುತನ್ನು ಆ ವ್ಯವಸ್ಥೆಗೆ ಹಾಕಲೇಬಾರದು ಅಂತ ಅಲ್ಲಿನ ಕಾನೂನು ತಡೆಯುತ್ತದೆ. ಅವರದು ಬೇರೆಯೇ ಡೇಟಾಬೇಸ್. ಗಂಡನಿಗೆ ಪಾಲಿಕೆಯಲ್ಲಿ ಒಬ್ಬ ಗೆಳೆಯ ಇದ್ದರೆ ಸಾಕು, ವಿಳಾಸ ಸೋರಲಿಕ್ಕೆ. ನೀವು ಹೆಂಗಸರ ಕೇಂದ್ರಗಳನ್ನೂ ಸೇರಿಸುವುದಾದರೆ, ಖಾಲಿ ಮಂಚದ ಸಂಖ್ಯೆ ಬಿಟ್ಟು ಬೇರೆ ಒಂದಕ್ಷರವೂ ಹೊರಗೆ ಬರದಂತೆ ಮಾಡಿ.

ಅಮೆರಿಕದಿಂದ ಇನ್ನೂ ಒಂದು ಪಾಠ ಇದೆ. ಮನೆಗಳು ಕಡಿಮೆ, ಜನ ಜಾಸ್ತಿ. ಯಾರಿಗೆ ಮೊದಲು ಕೊಡುವುದು? ಅದಕ್ಕೊಂದು ಪ್ರಶ್ನಾವಳಿ ಬಂತು, 'ವಿಐ-ಸ್ಪ್‌ಡ್ಯಾಟ್' ಅಂತ. ಉತ್ತರಕ್ಕೆ ಅಂಕ, ಅಂಕ ಜಾಸ್ತಿ ಇದ್ದವರಿಗೆ ಮೊದಲು ಮನೆ. ಡ್ರಗ್ಸ್ ತೆಗೆದುಕೊಳ್ಳುತ್ತೀರಾ, ಹಣಕ್ಕಾಗಿ ದೇಹ ಮಾರುತ್ತೀರಾ ಅನ್ನುವಂಥ ಪ್ರಶ್ನೆಗಳೂ ಅದರಲ್ಲಿದ್ದವು. ಫುಟ್‌ಪಾತ್ ಮೇಲೆ ಅಪರಿಚಿತರು ಕೇಳಿದರೆ ನಿಜ ಯಾರು ಹೇಳುತ್ತಾರೆ? ನಿಜ ಹೇಳಲು ಹೆದರಿದವರ ಅಂಕ ಕೆಳಗೆ ಬಿತ್ತು. ಕಪ್ಪು ಜನರಿಗೆ ಬಿಳಿಯರಿಗಿಂತ ಕಡಿಮೆ ಅಂಕ ಬೀಳುತ್ತಿದೆ ಅಂತ ಅಧ್ಯಯನ ಮಾಡಿದವರು ಕಂಡುಕೊಂಡರು. ಅದನ್ನು ರೂಪಿಸಿದವರೇ 2020ರ ಕೊನೆಯಲ್ಲಿ ಇನ್ನು ಇದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂದರು. ನಿಮ್ಮ ತಂಡದಲ್ಲಿ ಯಾರಾದರೂ ಎಐ ಬಳಸಿ ಆದ್ಯತೆ ಪಟ್ಟಿ ಮಾಡೋಣ ಅಂತ ಉತ್ಸಾಹ ತೋರಿಸಿದರೆ ಈ ಕಥೆ ಹೇಳಿ.

ಹಾಗಂತ ಅಲ್ಲಿ ಎಲ್ಲ ಕೆಟ್ಟದ್ದೇ ಆಗಿಲ್ಲ. ಇಲಿನಾಯ್ ರಾಜ್ಯದ ರಾಕ್‌ಫರ್ಡ್ ಅನ್ನುವ ಊರು ಹೆಸರು ಹೆಸರಾಗಿ ಪಟ್ಟಿ ಮಾಡಿ, ಸಂಸ್ಥೆಗಳವರೆಲ್ಲ ಒಟ್ಟಿಗೆ ಕೂತು ಒಬ್ಬೊಬ್ಬರಿಗೂ ದಾರಿ ಹುಡುಕಿ, ಮೊದಲು ಮಾಜಿ ಸೈನಿಕರಲ್ಲಿ, ಆಮೇಲೆ ವರ್ಷಗಟ್ಟಲೆ ಬೀದಿಯಲ್ಲಿದ್ದವರಲ್ಲಿ, ವಸತಿರಹಿತರ ಸಂಖ್ಯೆಯನ್ನು ಹೆಚ್ಚುಕಡಿಮೆ ಸೊನ್ನೆಗೆ ತಂದಿತು. ಈ ರೀತಿ ಕೆಲಸ ಮಾಡುವ ಊರುಗಳ ಗುಂಪನ್ನು ಕಟ್ಟಿದ ಕಮ್ಯುನಿಟಿ ಸೊಲ್ಯೂಷನ್ಸ್ ಸಂಸ್ಥೆಗೆ ಟ್ಯಾಬ್ಲೋ ಕಂಪನಿಯ ಫೌಂಡೇಶನ್ ಹಣವನ್ನೂ ತನ್ನ ಸಾಫ್ಟ್‌ವೇರನ್ನೂ ಕೊಟ್ಟಿತು. ಹೂಸ್ಟನ್ನಿನಲ್ಲಿ ನೂರಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಪಟ್ಟಿ ಇಟ್ಟುಕೊಂಡು, ಹತ್ತು ವರ್ಷದಲ್ಲಿ 25,000ಕ್ಕೂ ಹೆಚ್ಚು ಜನರನ್ನು ಮನೆ ಸೇರಿಸಿದವು. ಗಮನಿಸಿ, ಅಲ್ಲಿ ಪಟ್ಟಿಯ ಕೊನೆಯಲ್ಲಿ ಒಂದು ಮನೆ ಇತ್ತು, ಬೀಗದ ಕೈ ಇತ್ತು. ಇಡೀ ದೇಶದಲ್ಲಿ ಅಷ್ಟು ಮನೆ ಇರಲಿಲ್ಲ. ಅಷ್ಟೆಲ್ಲ ಸಾಫ್ಟ್‌ವೇರ್ ಇರುವ ಅಮೆರಿಕದಲ್ಲಿ 2024ರ ಜನವರಿಯ ಎಣಿಕೆಯಲ್ಲಿ 7,71,480 ಜನ ಸೂರಿಲ್ಲದೆ ಇದ್ದರು.

ಚಾರ್ಜಿಂಗ್ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕಂದರೆ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. 2016ರಲ್ಲಿ ನ್ಯೂಯಾರ್ಕ್ ನಗರ ಖಾಸಗಿ ಕಂಪನಿಗಳ ಜೊತೆ ಸೇರಿ ಹಳೆಯ ಕಾಯಿನ್ ಫೋನ್ ಬೂತ್ ತೆಗೆದು 'ಲಿಂಕ್‌ಎನ್‌ವೈಸಿ' ಕಂಬಗಳನ್ನು ನಿಲ್ಲಿಸಿತು. ಉಚಿತ ವೈಫೈ, ಉಚಿತ ಕರೆ, ಚಾರ್ಜಿಂಗ್, ಇಂಟರ್‌ನೆಟ್ ನೋಡುವ ಟ್ಯಾಬ್ಲೆಟ್. ಖರ್ಚು ಜಾಹೀರಾತಿನಿಂದ. ಯಾರಿಗೆ ಮನೆ ಇಲ್ಲವೋ ಅವರು ಅಲ್ಲಿ ಗಂಟೆಗಟ್ಟಲೆ ಕೂತರು. ದೂರು ಬಂತು. ಕೆಲವೇ ತಿಂಗಳಲ್ಲಿ ಆ ಬ್ರೌಸರನ್ನು ತೆಗೆದುಬಿಟ್ಟರು. ಕರೆ ಮತ್ತು ಚಾರ್ಜಿಂಗ್ ಉಳಿದವು. ಬೇರೆಲ್ಲೂ ಕೂರಲು ಜಾಗ ಇಲ್ಲದವರು ಆ ಕಂಬದ ಹತ್ತಿರ ಕೂತಿದ್ದರಲ್ಲಿ ತಪ್ಪೇನು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಮ್ಮಲ್ಲಂತೂ ಫೋನ್ ಅಂದರೆ ಗುರುತು. ಒಟಿಪಿ ಬರದಿದ್ದರೆ ಏನೂ ಇಲ್ಲ. ಬೀದಿಯಲ್ಲಿ ಮಲಗುವವರ ಫೋನ್ ಕಳುವಾಗುವುದು ಎಷ್ಟು ಸಾಮಾನ್ಯ ಅಂದರೆ, ಒಂದು ವರ್ಷದಲ್ಲಿ ಮೂರು ನಂಬರ್ ಬದಲಿಸಿದವರನ್ನು ಕಂಡಿದ್ದೇನೆ. ಆಧಾರಿಗೆ ಜೋಡಿಸಿದ ನಂಬರ್ ಹೋಯಿತು ಅಂದರೆ ಡಿಜಿಲಾಕರ್ ಹೋಯಿತು, ರೇಷನ್ ಕಾರ್ಡ್ ಅರ್ಜಿ ನಿಂತಿತು, ಪಿಂಚಣಿ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ. ವಿಳಾಸವೇ ಇಲ್ಲದವರಿಗೆ ಆಧಾರ್ ಹೇಗೆ ಸಿಗುತ್ತದೆ ಅಂತ 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಸರ್ಕಾರವನ್ನು ಕೇಳಿತ್ತು. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ಕೊಡುವ ಪ್ರಮಾಣಪತ್ರದ ಮೇಲೆ ಆಧಾರ್ ನೋಂದಣಿಗೆ ದಾರಿ ಇದೆ. ಎಷ್ಟೋ ಕೇಂದ್ರಗಳಿಗೆ ಇದು ಗೊತ್ತಿಲ್ಲ, ಗೊತ್ತಿದ್ದರೂ ಆ ನಮೂನೆ ತುಂಬಿ, ಜೊತೆಗೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲುವವರು ಇಲ್ಲ. ನಿಮ್ಮ ಕಂಪನಿಯ ಹತ್ತು ಜನ ತಿಂಗಳಿಗೆ ಒಂದು ದಿನ ಈ ಕೆಲಸಕ್ಕೆ ಬಂದರೆ, ನಂಬಿ, ಆ್ಯಪ್ ಬರೆದದ್ದಕ್ಕಿಂತ ಜಾಸ್ತಿ ಜನರ ಬದುಕು ಬದಲಾಗುತ್ತದೆ.

ಕೊನೆಗೆ ಒಪ್ಪಂದದ ವಿಷಯ. ಸಿಎಸ್‌ಆರ್ ನಿಯಮದ ಪ್ರಕಾರ, ಹಲವು ವರ್ಷ ನಡೆಯುವ ಯೋಜನೆಯ ಅವಧಿ ಶುರುವಾದ ವರ್ಷ ಬಿಟ್ಟು ಹೆಚ್ಚೆಂದರೆ ಮೂರು ವರ್ಷ. ನಾಲ್ಕನೇ ವರ್ಷ ಮುಗಿದ ಮೇಲೆ ಸರ್ವರ್ ಬಾಡಿಗೆ ಯಾರು ಕಟ್ಟುತ್ತಾರೆ? ಕರೆಯ ಖರ್ಚು ಯಾರದು? ಇದನ್ನು ಮೊದಲ ದಿನವೇ ಬರೆದುಕೊಳ್ಳಿ. ಪಾಲಿಕೆಯ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು ಬರುವ ತನಕ ಉದ್ಘಾಟನೆ ಇಟ್ಟುಕೊಳ್ಳಬೇಡಿ. ಕೋಡ್ ಪಾಲಿಕೆಗೂ ಸಂಸ್ಥೆಗೂ ಸಿಗುವಂತಿರಲಿ. ಮಾಹಿತಿ ಯಾರ ಬಳಿ ಇರುತ್ತದೆ, ಯಾರಿಗೆ ಕೊಡುವಂತಿಲ್ಲ, ಎಷ್ಟು ದಿನಕ್ಕೆ ಅಳಿಸಬೇಕು ಅನ್ನುವುದೂ ಬರಹದಲ್ಲಿರಲಿ. ಪೊಲೀಸರು ಕೇಳಿದರೆ ಏನು ಮಾಡಬೇಕು ಅನ್ನುವುದನ್ನು ಬೇರೆಯಾಗಿಯೇ ಬರೆಯಿರಿ, ಯಾಕಂದರೆ ಕೇಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ ಪ್ರಕಾರ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಅವಕಾಶ ಕೊಡಬೇಕು. ಕನ್ನಡ ಅದರಲ್ಲಿದೆ, ತಮಿಳು, ತೆಲುಗು, ಉರ್ದು, ಒಡಿಯಾ, ಬಂಗಾಳಿಯೂ ಇವೆ. ಆದರೆ ಓದು ಬಾರದವರಿಗೆ ಓದಿ ಹೇಳಬೇಕು. "ನಿಮ್ಮ ಹೆಸರು ಹೇಳದಿದ್ದರೂ ಇವತ್ತು ಇಲ್ಲಿ ಮಲಗಬಹುದು" ಅನ್ನುವ ಮಾತು ಅದರಲ್ಲಿ ಮೊದಲಿಗೇ ಬರಲಿ. ಆ ಮಾತು ಇಲ್ಲದೆ ತೆಗೆದುಕೊಂಡ ಒಪ್ಪಿಗೆಗೆ ಅರ್ಥ ಇಲ್ಲ. ಚಳಿಯಲ್ಲಿ ನಡುಗುತ್ತಿರುವವರು ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾರೆ.

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ತೆರೆಯುವ ಮೊದಲು, ನಿಮ್ಮ ತಂಡದ ಇಬ್ಬರು ಒಂದು ಕೇಂದ್ರದಲ್ಲಿ ಮೂರು ರಾತ್ರಿ ಕೂರಲಿ. ಸಂಸ್ಥೆಯವರನ್ನು ಕೇಳಿಕೊಂಡು, ಕ್ಯಾಮೆರಾ ಇಲ್ಲದೆ, ಕಂಪನಿಯ ಟೀ ಶರ್ಟ್ ಇಲ್ಲದೆ, ಸುಮ್ನೆ ರಿಜಿಸ್ಟರ್ ಪಕ್ಕದಲ್ಲಿ. ಬಾಗಿಲ ತನಕ ಬಂದು ವಾಪಸ್ ಹೋದವರು ಎಷ್ಟು ಜನ, ಯಾಕೆ ಅಂತ ಬರೆದುಕೊಳ್ಳಲಿ. ಒಬ್ಬರು ರಾತ್ರಿ ಎಂಟಕ್ಕೆ ಹೋಗಲಿ, ಇನ್ನೊಬ್ಬರು ನಸುಕಿನ ಮೂರರ ತನಕ ಇರಲಿ, ಹಮಾಲಿಗಳು ಏಳುವ ಹೊತ್ತು ಅದು. ಹೋಗುವಾಗ ಒಳ್ಳೆ ಎಕ್ಸ್‌ಟೆನ್ಶನ್ ಬಾಕ್ಸ್ ಎರಡು ತೆಗೆದುಕೊಂಡು ಹೋಗಿ. ಮೂರು ಪಿನ್ನಿನದು, ಫ್ಯೂಸ್ ಇರುವಂಥದ್ದು.